ಅಮೆರಿಕದಲ್ಲಿ ಜೆನೆಟಿಕ್ ಕೌನ್ಸೆಲರ್ ಆಗಬೇಕೇ? ರಾಜ್ಯದ ಲೈಸೆನ್ಸ್ ಪಡೆಯುವ ಸಮಗ್ರ ಮಾರ್ಗದರ್ಶಿ

ಅಮೆರಿಕಕ್ಕೆ ಹೋಗಿ ಜೆನೆಟಿಕ್ ಕೌನ್ಸೆಲಿಂಗ್ ಓದಬೇಕು ಎನ್ನುವವರು ಕಾಲೇಜು, ಫೀಸು, ವೀಸಾ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಲೈಸೆನ್ಸ್ ವಿಷಯ ನೆನಪಾಗುವುದು ಕೆಲಸದ ಆಫರ್ ಕೈಗೆ ಬಂದ ಮೇಲೆ. ಆಸ್ಪತ್ರೆಯವರು ಲೈಸೆನ್ಸ್ ನಂಬರ್ ಕೇಳುತ್ತಾರೆ. ನಂಬರ್ ಇಲ್ಲದಿದ್ದರೆ ರೋಗಿಗಳನ್ನು ನೋಡುವ ಹಾಗಿಲ್ಲ. ಅರ್ಜಿ ಎಲ್ಲೋ ಒಂದು ಕಚೇರಿಯಲ್ಲಿ ಕೂತಿರುತ್ತದೆ, ಇತ್ತ ಮನೆ ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಹಾಗಾಗಿ ಇಲ್ಲಿ ಕಾಲೇಜು ಆರಿಸುವುದು ಹೇಗೆ ಎನ್ನುವುದಕ್ಕಿಂತ, ಲೈಸೆನ್ಸ್ ಕಡೆಯಿಂದ ಹಿಂದಕ್ಕೆ ಯೋಚಿಸುವುದು ಹೇಗೆ ಎಂದು ಹೇಳುತ್ತೇನೆ. ನನ್ನ ಮಟ್ಟಿಗೆ ಅದೇ ಸರಿಯಾದ ಕ್ರಮ.

ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ

ಜೆನೆಟಿಕ್ ಕೌನ್ಸೆಲರ್ ಮಾಡುವ ಕೆಲಸ ಗೊತ್ತಿರಬಹುದು. ಮೂರು ತಲೆಮಾರಿನ ವಂಶವೃಕ್ಷ ಬರೆಯುವುದು, ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂದು ತಿಳಿಸುವುದು, ರಿಪೋರ್ಟ್ ಬಂದ ಮೇಲೆ ಅದನ್ನು ಮನೆಯವರಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವುದು. ಸ್ತನ ಕ್ಯಾನ್ಸರ್ ಇರುವ ಮನೆತನ, ಗರ್ಭಿಣಿ, ಬೆಳವಣಿಗೆ ತಡವಾದ ಮಗು, ಹೀಗೆ ಬೇರೆ ಬೇರೆ ವಿಭಾಗ.

ಈ ಕೆಲಸಕ್ಕೆ ಅಮೆರಿಕದಲ್ಲಿ ಎರಡು ಕಾಗದ ಬೇಕು. ಒಂದು, ಅಮೆರಿಕನ್ ಬೋರ್ಡ್ ಆಫ್ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಎಬಿಜಿಸಿ ಕೊಡುವ ಸರ್ಟಿಫಿಕೇಟ್. ಇದು ವೃತ್ತಿಯವರೇ ನಡೆಸುವ ಬೋರ್ಡ್, ಸರ್ಕಾರದ್ದಲ್ಲ. ಪಾಸಾದವರು ಹೆಸರಿನ ಮುಂದೆ ಸಿಜಿಸಿ (ಸರ್ಟಿಫೈಡ್ ಜೆನೆಟಿಕ್ ಕೌನ್ಸೆಲರ್) ಎಂದು ಹಾಕಿಕೊಳ್ಳಬಹುದು. ಇದು ದೇಶವಿಡೀ ನಡೆಯುತ್ತದೆ. ಇನ್ನೊಂದು ಲೈಸೆನ್ಸ್. ಅದನ್ನು ಕೊಡುವುದು ಆಯಾ ರಾಜ್ಯದ ಸರ್ಕಾರ, ಮತ್ತು ಅದು ಆ ರಾಜ್ಯದ ಗಡಿಯೊಳಗೆ ಮಾತ್ರ. ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಎನ್ನುವುದು ಇಲ್ಲ.

ಯಾಕೆ ಹೀಗೆ ಎಂದರೆ, ವೃತ್ತಿ ಮೊದಲು ಬಂತು, ಕಾನೂನು ನಿಧಾನವಾಗಿ ಹಿಂದೆ ಬಂತು. ಮೊದಲ ಮಾಸ್ಟರ್ಸ್ ಕೋರ್ಸ್ ಶುರುವಾಗಿದ್ದು ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ, 1969ರಲ್ಲಿ. ಮೊದಲು ಲೈಸೆನ್ಸ್ ಕೊಟ್ಟ ರಾಜ್ಯ ಯೂಟಾ, ಅದೂ 2002ರಲ್ಲಿ. ಕ್ಯಾಲಿಫೋರ್ನಿಯಾ 2000ದಲ್ಲೇ ಕಾನೂನು ಮಾಡಿತ್ತು, ಆದರೆ ನಿಯಮ ಬರೆದು ಲೈಸೆನ್ಸ್ ಕೊಡಲು ಒಂದು ದಶಕವೇ ಹಿಡಿಯಿತು. ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಲೈಸೆನ್ಸ್ ಕಡ್ಡಾಯ. ಉಳಿದ ಕಡೆ ಕಾನೂನು ಇಲ್ಲದಿದ್ದರೂ ಆಸ್ಪತ್ರೆಗಳು ಎಬಿಜಿಸಿ ಸರ್ಟಿಫಿಕೇಟ್ ಕೇಳುವುದೇ ರೂಢಿ.

ಹೆಜ್ಜೆ 1: ರಾಜ್ಯ ಗೊತ್ತು ಮಾಡಿಕೊಳ್ಳಿ

ನೀವು ಎಲ್ಲಿ ಕೂತು ಕೆಲಸ ಮಾಡುತ್ತೀರಿ ಎನ್ನುವುದಕ್ಕಿಂತ ನಿಮ್ಮ ರೋಗಿ ಎಲ್ಲಿ ಕೂತಿದ್ದಾರೆ ಎನ್ನುವುದು ಮುಖ್ಯ. ಇದು ಜಾಸ್ತಿ ಜನಕ್ಕೆ ತಡವಾಗಿ ತಿಳಿಯುವ ಸಂಗತಿ. ನೀವು ಕಾನೂನು ಇಲ್ಲದ ರಾಜ್ಯದ ಮನೆಯಲ್ಲಿ ಕೂತು, ವಿಡಿಯೋ ಕರೆಯಲ್ಲಿ ಇಲಿನಾಯ್ ರಾಜ್ಯದ ರೋಗಿಯ ಜೊತೆ ಮಾತಾಡಿದರೆ ಇಲಿನಾಯ್ ಲೈಸೆನ್ಸ್ ಬೇಕು.

ಹಾಗಾಗಿ ಕೆಲಸದ ಆಫರ್ ಬಂದಾಗ ಮೊದಲು ಕೇಳಬೇಕಾದ್ದು ಇದು: ರೋಗಿಗಳು ಯಾವ ಯಾವ ರಾಜ್ಯದವರು? ಗಡಿಯ ಊರಿನ ಆಸ್ಪತ್ರೆಗಳಲ್ಲಿ ಈ ಪ್ರಶ್ನೆ ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಫಿಲಡೆಲ್ಫಿಯಾದ ಆಸ್ಪತ್ರೆಗೆ ನದಿಯ ಆಚೆಯ ನ್ಯೂಜೆರ್ಸಿಯಿಂದ ದಿನಾ ರೋಗಿಗಳು ಬರುತ್ತಾರೆ. ಆಸ್ಪತ್ರೆಗೇ ಬಂದರೆ ಪೆನ್ಸಿಲ್ವೇನಿಯಾ ಲೈಸೆನ್ಸ್ ಸಾಕು. ಅದೇ ರೋಗಿ ಮುಂದಿನ ಸಲ "ಮನೆಯಿಂದಲೇ ವಿಡಿಯೋದಲ್ಲಿ ಮಾತಾಡ್ತೀನಿ" ಎಂದರೆ ನ್ಯೂಜೆರ್ಸಿ ಲೈಸೆನ್ಸ್ ವಿಷಯ ಬರುತ್ತದೆ.

ಆಮೇಲೆ ಆ ರಾಜ್ಯದಲ್ಲಿ ಲೈಸೆನ್ಸ್ ಕೊಡುವ ಕಚೇರಿ ಯಾವುದು ಎಂದು ಹುಡುಕಿ. ಇದು ಒಂದೊಂದು ಕಡೆ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಆರೋಗ್ಯ ಇಲಾಖೆ. ವಾಷಿಂಗ್ಟನ್ ರಾಜ್ಯದಲ್ಲೂ ಆರೋಗ್ಯ ಇಲಾಖೆಯೇ. ಇಲಿನಾಯ್‌ನಲ್ಲಿ ಹಣಕಾಸು ಮತ್ತು ವೃತ್ತಿ ನಿಯಂತ್ರಣ ಇಲಾಖೆ. ವರ್ಜೀನಿಯಾದಲ್ಲಿ ವೈದ್ಯಕೀಯ ಬೋರ್ಡ್. ಮ್ಯಾಸಚೂಸೆಟ್ಸ್‌ನಲ್ಲಿ ಜೆನೆಟಿಕ್ ಕೌನ್ಸೆಲರ್‌ಗಳಿಗೆಂದೇ ಪ್ರತ್ಯೇಕ ಬೋರ್ಡ್ ಇದೆ. ಯಾವ ರಾಜ್ಯದಲ್ಲಿ ಕಾನೂನು ಇದೆ, ಎಲ್ಲಿ ಇನ್ನೂ ಮಸೂದೆ ಹಂತದಲ್ಲಿದೆ ಎಂದು ತಿಳಿಯಲು ನ್ಯಾಷನಲ್ ಸೊಸೈಟಿ ಆಫ್ ಜೆನೆಟಿಕ್ ಕೌನ್ಸೆಲರ್ಸ್ ಇಟ್ಟಿರುವ ರಾಜ್ಯವಾರು ಮಾಹಿತಿ ನೋಡಿ. ಆದರೆ ಫೀಸು, ಫಾರಂ, ಷರತ್ತುಗಳಿಗೆ ಆಯಾ ಕಚೇರಿಯ ಜಾಲತಾಣವನ್ನೇ ನಂಬಿ. ಹೋದ ವರ್ಷ ಸೀನಿಯರ್ ಕಳಿಸಿದ ಫಾರಂ ಈ ವರ್ಷ ನಡೆಯದೇ ಹೋಗಬಹುದು.

ಹೆಜ್ಜೆ 2: ಮಾನ್ಯತೆ ಇರುವ ಕೋರ್ಸ್

ಲೈಸೆನ್ಸ್‌ಗೆ ಎಬಿಜಿಸಿ ಸರ್ಟಿಫಿಕೇಟ್ ಬೇಕು. ಎಬಿಜಿಸಿ ಪರೀಕ್ಷೆಗೆ ಕೂರುವ ಮಾಮೂಲಿ ದಾರಿ ಎಂದರೆ ಅಕ್ರೆಡಿಟೇಷನ್ ಕೌನ್ಸಿಲ್ ಫಾರ್ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಎಸಿಜಿಸಿ ಮಾನ್ಯ ಮಾಡಿದ ಮಾಸ್ಟರ್ಸ್ ಪದವಿ. ಎಸಿಜಿಸಿ ಮಾನ್ಯತೆ ಅಮೆರಿಕ ಮತ್ತು ಕೆನಡಾದ ಕೋರ್ಸ್‌ಗಳಿಗೆ ಸಿಗುತ್ತದೆ. ಟೊರೊಂಟೊದಲ್ಲೋ ಮೆಕ್‌ಗಿಲ್‌ನಲ್ಲೋ ಓದಿದವರೂ ಈ ದಾರಿಯಲ್ಲೇ ಬರಬಹುದು.

ಕರ್ನಾಟಕದಿಂದ ಬರುವವರು ಇಲ್ಲಿ ಮೂರು ವಿಷಯ ಗಮನಿಸಿ.

ಭಾರತದಲ್ಲಿ ಜೆನೆಟಿಕ್ಸ್ ಎಂಎಸ್ಸಿ ಮಾಡಿದ್ದೀರಿ, ಆಸ್ಪತ್ರೆಯಲ್ಲಿ ಕೌನ್ಸೆಲಿಂಗ್ ಮಾಡಿದ ಅನುಭವವೂ ಇದೆ. ಒಳ್ಳೆಯದೇ, ಪ್ರವೇಶಕ್ಕೆ ಅದು ತೂಕ ಕೊಡುತ್ತದೆ. ಆದರೆ ಅಲ್ಲಿನ ಪದವಿಯಾಗಲೀ ಸರ್ಟಿಫಿಕೇಟ್ ಆಗಲೀ ಅಮೆರಿಕದ ರಾಜ್ಯ ಲೈಸೆನ್ಸ್‌ಗೆ ಬದಲಿಯಾಗುವುದಿಲ್ಲ. ನಿಮ್ಮ ಪದವಿಗೆ ಬೇರೆ ದಾರಿ ಇದೆಯೇ ಎಂದು ತಿಳಿಯಬೇಕಿದ್ದರೆ ಎಬಿಜಿಸಿಗೇ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಏಜೆಂಟ್ ಬಾಯಲ್ಲಿ ಹೇಳಿದ ಮಾತಿಗೆ ಬೆಲೆ ಇಲ್ಲ.

ಎಂಬಿಬಿಎಸ್ ಆದವರು "ನಾನು ಡಾಕ್ಟರ್, ನನಗೆ ಈ ಲೈಸೆನ್ಸ್ ಯಾಕೆ" ಎನ್ನುತ್ತಾರೆ. ಹಲವು ರಾಜ್ಯಗಳ ಕಾನೂನಿನಲ್ಲಿ ವೈದ್ಯರಿಗೆ ವಿನಾಯಿತಿ ಇರುವುದು ನಿಜ. ಆದರೆ ಅದು ಆ ರಾಜ್ಯದ ವೈದ್ಯಕೀಯ ಲೈಸೆನ್ಸ್ ಇರುವವರಿಗೆ. ಮೈಸೂರಿನ ಎಂಬಿಬಿಎಸ್ ಮೇಲೆ ಆ ವಿನಾಯಿತಿ ಸಿಗದು.

ಇನ್ನು ಮೂರು ವರ್ಷದ ಬಿಎಸ್ಸಿ. ಹಲವು ಕೋರ್ಸ್‌ಗಳು ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮ ಎಂಬ ಮೌಲ್ಯಮಾಪನ ವರದಿ ಕೇಳುತ್ತವೆ. ಬಿಎಸ್ಸಿ ಜೊತೆ ಎಂಎಸ್ಸಿ ಇದ್ದರೆ ಈ ತೊಡಕು ಕಡಿಮೆ.

ಪ್ರವೇಶ 2018ರಿಂದ ಮ್ಯಾಚ್ ಪದ್ಧತಿಯಲ್ಲಿ ನಡೆಯುತ್ತಿದೆ. ಸಂದರ್ಶನ ಮುಗಿದ ಮೇಲೆ ನೀವು ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತೀರಿ, ಅವರೂ ನಿಮ್ಮನ್ನು ಹಾಗೇ ಬರೆಯುತ್ತಾರೆ, ಕಂಪ್ಯೂಟರ್ ಜೋಡಿಸುತ್ತದೆ. ಓದುವಾಗ ಕನಿಷ್ಠ 50 ಕೇಸ್‌ಗಳಲ್ಲಿ ಮೇಲ್ವಿಚಾರಣೆಯಡಿ ಸ್ವತಃ ಭಾಗವಹಿಸಿ ಲಾಗ್‌ಬುಕ್ ತುಂಬಬೇಕು. ಕೋರ್ಸ್ ಮುಗಿದ ದಿನವೇ ಲಾಗ್‌ಬುಕ್‌ನ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಾಲೇಜಿನ ಇಮೇಲ್ ಮುಚ್ಚಿದ ಮೇಲೆ ಅದನ್ನು ತರಿಸುವುದು ತಲೆನೋವು.

ಹೆಜ್ಜೆ 3: ಎಬಿಜಿಸಿ ಪರೀಕ್ಷೆ

200 ಬಹು ಆಯ್ಕೆ ಪ್ರಶ್ನೆ, ನಾಲ್ಕು ಗಂಟೆ, ಇದು ಹಲವು ವರ್ಷಗಳಿಂದ ನಡೆದು ಬಂದ ರೂಪ. ಅದರಲ್ಲಿ 170ಕ್ಕೆ ಮಾತ್ರ ಅಂಕ, ಉಳಿದ 30 ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸುತ್ತಿರುವ ಪ್ರಶ್ನೆಗಳು. ಯಾವುದು ಯಾವುದೆಂದು ನಿಮಗೆ ತಿಳಿಯುವುದಿಲ್ಲ. ಬೇಕಾದ ದಿನ ಹೋಗಿ ಬರೆಯುವ ಪರೀಕ್ಷೆ ಇದಲ್ಲ, ವರ್ಷದಲ್ಲಿ ನಿಗದಿಯಾದ ಅವಧಿಗಳಿವೆ. ಮೇ ತಿಂಗಳಲ್ಲಿ ಪದವಿ ಮುಗಿಸಿದವರು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಬರೆಯುತ್ತಾರೆ.

ಪರೀಕ್ಷೆಗಿಂತ ಮುಂಚಿನ ಒಂದು ಹಂತ ಲೈಸೆನ್ಸ್ ದೃಷ್ಟಿಯಿಂದ ಮುಖ್ಯ. ಅದರ ಹೆಸರು 'ಆ್ಯಕ್ಟಿವ್ ಕ್ಯಾಂಡಿಡೇಟ್ ಸ್ಟೇಟಸ್'. ಪದವಿ ಮುಗಿದಿದೆ, ಪರೀಕ್ಷೆಗೆ ಅರ್ಹರು ಎಂದು ಎಬಿಜಿಸಿ ಒಪ್ಪಿಕೊಂಡಿದೆ ಎನ್ನುವುದಕ್ಕೆ ಇದೇ ಗುರುತು. ಮುಂದಿನ ಹೆಜ್ಜೆ ನಿಂತಿರುವುದು ಇದರ ಮೇಲೆ.

ಹೆಜ್ಜೆ 4: ತಾತ್ಕಾಲಿಕ ಲೈಸೆನ್ಸ್

ಮೇ ತಿಂಗಳಲ್ಲಿ ಓದು ಮುಗಿಯಿತು, ಜುಲೈನಲ್ಲಿ ಕೆಲಸ ಶುರು, ಪರೀಕ್ಷೆ ಆಗಸ್ಟ್‌ನಲ್ಲಿ. ನಡುವಿನ ಕಾಲಕ್ಕೆ ಹೆಚ್ಚಿನ ರಾಜ್ಯಗಳು ತಾತ್ಕಾಲಿಕ ಲೈಸೆನ್ಸ್ ಕೊಡುತ್ತವೆ. ವಾಷಿಂಗ್ಟನ್‌ನಂಥ ಕಡೆ ಇದಕ್ಕೆ 'ಪ್ರೊವಿಷನಲ್' ಎನ್ನುತ್ತಾರೆ. ಕೆಲಸ ಒಂದೇ, ಹೆಸರು ಬೇರೆ.

ಇದಕ್ಕೆ ಆ್ಯಕ್ಟಿವ್ ಕ್ಯಾಂಡಿಡೇಟ್ ಪುರಾವೆ ಬೇಕು. ಜೊತೆಗೆ ಮೇಲ್ವಿಚಾರಕರ ಸಹಿ ಇರುವ ಒಪ್ಪಂದ ಕೇಳುವುದು ಸಾಮಾನ್ಯ. ಮೇಲ್ವಿಚಾರಕರು ಲೈಸೆನ್ಸ್ ಇರುವ ಜೆನೆಟಿಕ್ ಕೌನ್ಸೆಲರ್ ಅಥವಾ ವೈದ್ಯರಾಗಿರಬೇಕು. ಗಮನಿಸಿ, ಅವರಿಗೂ ಅದೇ ರಾಜ್ಯದ ಲೈಸೆನ್ಸ್ ಇರಬೇಕೆಂದು ಕಾನೂನು ಹೇಳುವುದುಂಟು. ನಿಮ್ಮ ಬಾಸ್ ಇನ್ನೊಂದು ರಾಜ್ಯದಲ್ಲಿ ಕೂತಿದ್ದರೆ ಇಲ್ಲಿ ಅರ್ಜಿ ಸಿಕ್ಕಿಕೊಳ್ಳುತ್ತದೆ. ಆಫರ್ ಒಪ್ಪುವ ಮೊದಲೇ "ನನ್ನ ತಾತ್ಕಾಲಿಕ ಲೈಸೆನ್ಸ್‌ಗೆ ಸಹಿ ಹಾಕುವವರು ಯಾರು" ಎಂದು ಕೇಳಿ. ಸಂಕೋಚ ಬೇಡ, ಎಲ್ಲರೂ ಕೇಳುವ ಪ್ರಶ್ನೆ.

ಪರೀಕ್ಷೆ ಫೇಲಾದರೆ? ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೆಲವು ರಾಜ್ಯಗಳಲ್ಲಿ ಫೇಲಾದ ತಕ್ಷಣ ತಾತ್ಕಾಲಿಕ ಲೈಸೆನ್ಸ್ ರದ್ದಾಗುತ್ತದೆ, ಕೆಲವು ಕಡೆ ಇನ್ನೊಂದು ಅವಕಾಶ ಕೊಡುತ್ತಾರೆ. ಎರಡು ಆಫರ್ ಕೈಯಲ್ಲಿದ್ದು ಯಾವುದು ಎಂದು ತೋಚದಿದ್ದರೆ ಈ ನಿಯಮವನ್ನೂ ಪಕ್ಕದಲ್ಲಿಟ್ಟು ನೋಡಿ.

ಹೆಜ್ಜೆ 5: ಅರ್ಜಿ ತುಂಬುವುದು

ಅರ್ಜಿಯಲ್ಲಿ ಕಷ್ಟದ ಪ್ರಶ್ನೆ ಏನೂ ಇರುವುದಿಲ್ಲ. ತಡವಾಗುವುದು ಕಾಗದಪತ್ರದಿಂದ, ಅದರಲ್ಲೂ ನಮ್ಮವರಿಗೆ ಹೆಸರಿನಿಂದ.

ಕನ್ನಡಿಗರ ಹೆಸರಿನ ಕಥೆ ನಿಮಗೆ ಗೊತ್ತೇ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ 'ರಮ್ಯಾ ಕೆ ಎಸ್'. ಪಾಸ್‌ಪೋರ್ಟ್‌ನಲ್ಲಿ ಕೆ ಅಂದರೆ ಕಡೂರು, ಎಸ್ ಅಂದರೆ ಶಿವಣ್ಣ ಎಂದು ಬಿಡಿಸಿ ಬರೆದಿದ್ದಾರೆ. ಕಾಲೇಜಿನವರು 'ಶಿವಣ್ಣ' ಎನ್ನುವುದನ್ನೇ ಸರ್‌ನೇಮ್ ಮಾಡಿದ್ದಾರೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರದ್ದು ಇನ್ನೂ ಮಜಾ: ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ರಾಜ್ಯದ ಕಚೇರಿಯಲ್ಲಿ ಫೈಲ್ ನೋಡುವ ಗುಮಾಸ್ತರಿಗೆ ಇವೆಲ್ಲ ಮೂರು ಬೇರೆ ಬೇರೆ ಮನುಷ್ಯರು, ಅಲ್ವಾ?

ಪರಿಹಾರ ಇಷ್ಟೇ. ಕಾಲೇಜಿಗೆ ಸೇರಿದ ಮೊದಲ ವಾರವೇ ಪಾಸ್‌ಪೋರ್ಟ್‌ನಲ್ಲಿರುವಂತೆ ಹೆಸರು ದಾಖಲಿಸಲು ಹೇಳಿ. ಎಬಿಜಿಸಿ ಖಾತೆಯನ್ನೂ ಅದೇ ಹೆಸರಲ್ಲಿ ತೆರೆಯಿರಿ, ಪರೀಕ್ಷಾ ಕೇಂದ್ರದಲ್ಲಿ ಗುರುತಿನ ಚೀಟಿ ಹೋಲಿಸುತ್ತಾರೆ. ಅರ್ಜಿಯಲ್ಲಿ 'ಹಿಂದೆ ಬಳಸಿದ ಹೆಸರುಗಳು' ಎಂಬ ಜಾಗ ಇದ್ದರೆ ಇನಿಷಿಯಲ್ ಇರುವ ರೂಪವನ್ನು ಅಲ್ಲಿ ಬರೆಯಿರಿ. ಊರಿಗೆ ಹೋದಾಗ ನೋಟರಿ ಹತ್ತಿರ, ಈ ಎರಡೂ ಹೆಸರು ಒಬ್ಬರದ್ದೇ ಎನ್ನುವ ಅಫಿಡವಿಟ್ ಇಂಗ್ಲಿಷಿನಲ್ಲಿ ಮಾಡಿಸಿ ಇಟ್ಟುಕೊಳ್ಳಿ. ಮದುವೆಯಾಗಿ ಹೆಸರು ಬದಲಿಸುವ ಯೋಚನೆ ಇದ್ದರೆ ಅರ್ಜಿಗೆ ಮೊದಲೇ ಮಾಡಿ, ಇಲ್ಲವೇ ಲೈಸೆನ್ಸ್ ಬಂದ ಮೇಲೆ ಮಾಡಿ. ನಡುವೆ ಮಾತ್ರ ಬೇಡ.

ಉಳಿದ ಕಾಗದಗಳ ಬಗ್ಗೆ ಒಂದು ನಿಯಮ ನೆನಪಿಡಿ: ಅವು ನಿಮ್ಮ ಕೈಯಿಂದ ಹೋಗಬಾರದು. ಟ್ರಾನ್ಸ್‌ಕ್ರಿಪ್ಟ್ ಕಾಲೇಜಿನಿಂದ ನೇರ, ಸರ್ಟಿಫಿಕೇಟ್ ಪರಿಶೀಲನೆ ಎಬಿಜಿಸಿಯಿಂದ ನೇರ, ಬೇರೆ ರಾಜ್ಯದಲ್ಲಿ ಲೈಸೆನ್ಸ್ ಇದ್ದರೆ ಅದರ ಪರಿಶೀಲನೆ ಆ ರಾಜ್ಯದಿಂದ ನೇರ ಹೋಗಬೇಕು. ನೀವು ಸ್ಕ್ಯಾನ್ ಮಾಡಿ ಕಳಿಸಿದರೆ ಪಕ್ಕಕ್ಕಿಡುತ್ತಾರೆ. ಭಾರತದ ಪದವಿಯ ಟ್ರಾನ್ಸ್‌ಕ್ರಿಪ್ಟ್ ಕೇಳುವ ಸಂದರ್ಭವೂ ಬರಬಹುದು. ವಿಮಾನ ಹತ್ತುವ ಮೊದಲೇ ವಿಶ್ವವಿದ್ಯಾಲಯದಿಂದ ಸೀಲ್ ಮಾಡಿದ ಒಂದೆರಡು ಕವರ್ ಜಾಸ್ತಿ ತೆಗೆದುಕೊಂಡಿರಿ. ಆಮೇಲೆ ಅಪ್ಪನನ್ನು ಕೌಂಟರ್‌ನಿಂದ ಕೌಂಟರ್‌ಗೆ ಓಡಿಸುವುದು ತಪ್ಪುತ್ತದೆ.

ಹಲವು ರಾಜ್ಯಗಳು ಬೆರಳಚ್ಚು ಮತ್ತು ಅಪರಾಧ ಹಿನ್ನೆಲೆ ಪರಿಶೀಲನೆ ಕೇಳುತ್ತವೆ. ಕುಡಿದು ಗಾಡಿ ಓಡಿಸಿದ ಹಳೇ ಕೇಸ್ ಇದ್ದರೂ ಪ್ರಶ್ನೆ ಕೇಳಿದ ಕಡೆ ಹೇಳಿಬಿಡಿ. ಅಂಥ ಕೇಸಿಗಿಂತ ಅದನ್ನು ಮುಚ್ಚಿಟ್ಟಿದ್ದು ಜಾಸ್ತಿ ದುಬಾರಿ.

ಇವಲ್ಲದೆ ಆಯಾ ರಾಜ್ಯದ ಸ್ವಂತ ಷರತ್ತುಗಳಿವೆ. ಪೆನ್ಸಿಲ್ವೇನಿಯಾ ಒಳ್ಳೆಯ ಉದಾಹರಣೆ. ಅಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವ 3 ಗಂಟೆಯ ತರಬೇತಿ ಮುಗಿಸದೆ ಆರೋಗ್ಯ ಕ್ಷೇತ್ರದ ಲೈಸೆನ್ಸ್ ಸಿಗದು. ಜೆನೆಟಿಕ್ ಕೌನ್ಸೆಲರ್‌ಗೆ 10 ಲಕ್ಷ ಡಾಲರ್ ಮೊತ್ತದ ವೃತ್ತಿ ಹೊಣೆಗಾರಿಕೆ ವಿಮೆಯೂ ಇರಬೇಕು. ಗಾಬರಿಯಾಗಬೇಡಿ, ಸಾಮಾನ್ಯವಾಗಿ ಆಸ್ಪತ್ರೆಯ ವಿಮೆಯಲ್ಲೇ ಅದು ಸೇರಿರುತ್ತದೆ. ನಿಮಗೆ ಬೇಕಾದ್ದು ಅದರ ಪತ್ರ. ಇನ್ನೊಂದು ವಿಚಿತ್ರ ಎಂದರೆ ಅಲ್ಲಿ ಎರಡು ಬೋರ್ಡ್‌ಗಳಿವೆ, ವೈದ್ಯಕೀಯ ಬೋರ್ಡ್ ಮತ್ತು ಆಸ್ಟಿಯೋಪಥಿಕ್ ಬೋರ್ಡ್ (ಆಸ್ಟಿಯೋಪಥಿ ಎಂಬ ಇನ್ನೊಂದು ಪದ್ಧತಿಯಲ್ಲಿ ಓದಿದ ವೈದ್ಯರದ್ದು). ಎರಡೂ ಜೆನೆಟಿಕ್ ಕೌನ್ಸೆಲರ್ ಲೈಸೆನ್ಸ್ ಕೊಡುತ್ತವೆ. ಸಹೋದ್ಯೋಗಿಗಳು ಯಾವುದರಲ್ಲಿ ಹಾಕಿದ್ದಾರೋ ಅದರಲ್ಲೇ ಹಾಕುವುದು ಸುಲಭ.

ಹೆಜ್ಜೆ 6: ವೀಸಾ ಗಡಿಯಾರ

ಈ ಭಾಗ ಅಮೆರಿಕದ ಸಹಪಾಠಿಗಳಿಗೆ ಬೇಕಾಗಿಲ್ಲ. ನಿಮಗೆ ಬೇಕು.

ಓದು ಮುಗಿದ ಮೇಲೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ 12 ತಿಂಗಳ ಒಪಿಟಿ, ಅಂದರೆ ಓದಿದ ಕ್ಷೇತ್ರದಲ್ಲಿ ಕೆಲಸ ಮಾಡುವ ಅನುಮತಿ ಸಿಗುತ್ತದೆ. ಅದರಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವ ಹಾಗಿಲ್ಲ. ಆಫರ್ ಇದ್ದರೂ ಲೈಸೆನ್ಸ್ ಬಾರದೆ ಕೆಲಸಕ್ಕೆ ಸೇರದಿದ್ದರೆ ಆ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಒಪಿಟಿ ಆರಂಭದ ದಿನಾಂಕ ಆರಿಸುವಾಗ ರಾಜ್ಯದ ತಾತ್ಕಾಲಿಕ ಲೈಸೆನ್ಸ್‌ಗೆ ಎಷ್ಟು ವಾರ ಹಿಡಿಯುತ್ತದೆ ಎಂದು ಸೀನಿಯರ್‌ಗಳನ್ನು ಕೇಳಿ ಆಮೇಲೆ ಆರಿಸಿ.

ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪದವಿಯವರಿಗೆ ಸಿಗುವ ಹೆಚ್ಚುವರಿ 24 ತಿಂಗಳ ಒಪಿಟಿ ನಿಮಗೂ ಸಿಗುತ್ತದೆಯೇ? ಅದು ಪದವಿಯ ಹೆಸರಿನ ಮೇಲಲ್ಲ, ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡುವ ಐ-20 ಫಾರಂನಲ್ಲಿ ಅಚ್ಚಾದ ಸಿಐಪಿ ಕೋಡ್, ಅಂದರೆ ಕೋರ್ಸ್ ಯಾವ ವಿಷಯದ್ದು ಎಂದು ಹೇಳುವ ಸಂಖ್ಯೆಯ ಮೇಲೆ ನಿಂತಿದೆ. ಕೋರ್ಸ್ ಮಾನವ ಜೆನೆಟಿಕ್ಸ್ ಕೋಡ್‌ನಲ್ಲಿದ್ದರೆ ಒಂದು ಲೆಕ್ಕ, ಆರೋಗ್ಯ ವೃತ್ತಿಗಳ ಕೋಡ್‌ನಲ್ಲಿದ್ದರೆ ಇನ್ನೊಂದು ಲೆಕ್ಕ. ಮ್ಯಾಚ್ ಪಟ್ಟಿ ಬರೆಯುವ ಮೊದಲೇ ಪ್ರತಿ ಕಾಲೇಜಿಗೂ ಈ ಕೋಡ್ ಕೇಳಿ, ಸರ್ಕಾರದ ಸ್ಟೆಮ್ ಪಟ್ಟಿ ಜೊತೆ ಹೋಲಿಸಿ. ಕಾಲೇಜಿನ ರ‍್ಯಾಂಕಿಂಗ್‌ಗಿಂತ ಇದು ನಿಮ್ಮ ಬದುಕಿಗೆ ಜಾಸ್ತಿ ಸಂಬಂಧಪಟ್ಟ ವಿಷಯ ಎಂದೇ ನನ್ನ ಅನಿಸಿಕೆ.

ಎಚ್-1ಬಿ, ಅಂದರೆ ಕೆಲಸದ ವೀಸಾಕ್ಕೆ ಅರ್ಜಿ ಹಾಕುವಾಗ, ಆ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಕಡ್ಡಾಯವಾಗಿದ್ದರೆ ಲೈಸೆನ್ಸ್ ಇದೆ ಎಂದು ತೋರಿಸಬೇಕು. ತಾತ್ಕಾಲಿಕ ಲೈಸೆನ್ಸ್ ಮೇಲೂ ಮಂಜೂರಾಗುವ ಅವಕಾಶ ನಿಯಮದಲ್ಲಿದೆ, ಆದರೆ ಅವಧಿ ಕಡಿಮೆ ಸಿಗಬಹುದು. ಪೂರ್ಣ ಲೈಸೆನ್ಸ್ ಕೈಯಲ್ಲಿದ್ದರೆ ವಕೀಲರ ಕೆಲಸವೂ ಹಗುರ. ನರ್ಸ್, ಫಿಸಿಯೋಥೆರಪಿಸ್ಟ್‌ಗಳಿಗೆ ಬೇಕಾಗುವ ಆರೋಗ್ಯ ಕಾರ್ಯಕರ್ತರ ಪ್ರತ್ಯೇಕ ವೀಸಾ ಸರ್ಟಿಫಿಕೇಟ್ ಪಟ್ಟಿಯಲ್ಲಿ ಜೆನೆಟಿಕ್ ಕೌನ್ಸೆಲರ್ ಇಲ್ಲ. ಅದಕ್ಕೆ ದುಡ್ಡು ಕಟ್ಟಿ ಎಂದು ಯಾರಾದರೂ ಹೇಳಿದರೆ ಕಟ್ಟಬೇಡಿ.

ಹೆಜ್ಜೆ 7: ಎರಡನೇ ರಾಜ್ಯ, ಹತ್ತನೇ ರಾಜ್ಯ

ಪರೀಕ್ಷಾ ಲ್ಯಾಬ್‌ಗಳಲ್ಲಿ, ಟೆಲಿಹೆಲ್ತ್ ಕಂಪನಿಗಳಲ್ಲಿ ಕೆಲಸ ಮಾಡುವವರು ಒಂದೇ ಸಲ ಹತ್ತಾರು ರಾಜ್ಯಗಳ ಲೈಸೆನ್ಸ್ ಇಟ್ಟುಕೊಂಡಿರುತ್ತಾರೆ. ಪ್ರತಿ ಹೊಸ ಅರ್ಜಿಯೂ ಹಳೇ ಎಲ್ಲ ರಾಜ್ಯಗಳ ಪರಿಶೀಲನಾ ಪತ್ರ ಕೇಳಿದರೆ ಕೆಲಸ ಬೆಳೆಯುತ್ತಾ ಹೋಗುತ್ತದೆ. ಫೀಸು ಕೊಡುವವರು ಕಂಪನಿಯೋ ನೀವೋ ಎನ್ನುವುದನ್ನು ಆಫರ್ ಪತ್ರದಲ್ಲೇ ಬರೆಸಿಕೊಳ್ಳಿ. ನವೀಕರಣದ ಫೀಸನ್ನೂ ಸೇರಿಸಿ.

ಊರಿನ ನೆಂಟರು ಫೋನ್ ಮಾಡಿ "ನಮ್ಮ ಸೊಸೆ ರಿಪೋರ್ಟ್ ಸ್ವಲ್ಪ ನೋಡಮ್ಮ" ಎಂದು ಕೇಳುವುದೂ ಇದ್ದೇ ಇದೆ. ನಿಮ್ಮ ರಾಜ್ಯದ ಲೈಸೆನ್ಸ್ ಹಾಸನದ ರೋಗಿಗೆ ಅನ್ವಯಿಸುವುದಿಲ್ಲ. ಭಾರತದಲ್ಲಿ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರಗಳು ನೋಂದಣಿಯಾಗಿರಬೇಕು, ಮಗು ಹೆಣ್ಣೋ ಗಂಡೋ ಎಂದು ಹೇಳುವುದು ಅಪರಾಧ. ಅಮೆರಿಕದ ರಿಪೋರ್ಟ್‌ಗಳಲ್ಲಿ ಲಿಂಗ ಮಾಮೂಲಾಗಿ ಬರೆದಿರುತ್ತದೆ, ಆ ಅಭ್ಯಾಸದಲ್ಲಿ ಬಾಯಿ ತಪ್ಪದಿರಲಿ. ಊರಿಗೆ ಹತ್ತಿರದ ಮೆಡಿಕಲ್ ಜೆನೆಟಿಕ್ಸ್ ವಿಭಾಗದ ವಿಳಾಸ ಕೊಡಿ. ಮಣಿಪಾಲದಲ್ಲಿ, ಬೆಂಗಳೂರಿನಲ್ಲಿ ಒಳ್ಳೆಯ ತಜ್ಞರಿದ್ದಾರೆ.

ಹೆಜ್ಜೆ 8: ನವೀಕರಣ

ಇಲ್ಲಿ ಎರಡು ಲೆಕ್ಕ ಜೊತೆಜೊತೆಗೆ ಓಡುತ್ತವೆ. ಎಬಿಜಿಸಿ ಸರ್ಟಿಫಿಕೇಟ್ 5 ವರ್ಷಕ್ಕೊಮ್ಮೆ, ಅದಕ್ಕೆ 12.5 ಸಿಇಯು ಬೇಕು. ಒಂದು ಸಿಇಯು ಅಂದರೆ 10 ಗಂಟೆ, ಒಟ್ಟು 125 ಗಂಟೆಯ ಮುಂದುವರಿದ ಕಲಿಕೆ. ಕ್ಯಾಲಿಫೋರ್ನಿಯಾ ಲೈಸೆನ್ಸ್‌ಗೆ 3 ವರ್ಷಕ್ಕೆ 45 ಗಂಟೆ. ಒಂದೇ ಕೋರ್ಸ್ ಎರಡಕ್ಕೂ ಲೆಕ್ಕಕ್ಕೆ ಬರಬಹುದು, ಆದರೆ ಎರಡೂ ಕಡೆ ಒಪ್ಪುವ ಕೋರ್ಸ್ ಆಗಿರಬೇಕು. ಇಲಿನಾಯ್‌ನಲ್ಲಿ ಲೈಂಗಿಕ ಕಿರುಕುಳ ತಡೆಯುವ ತರಬೇತಿ ಕಡ್ಡಾಯ. ಪೆನ್ಸಿಲ್ವೇನಿಯಾದಲ್ಲಿ ಮಕ್ಕಳ ರಕ್ಷಣೆಯ ತರಬೇತಿ ಪ್ರತಿ ನವೀಕರಣಕ್ಕೂ 2 ಗಂಟೆ.

ಒಂದು ಸಾದಾ ಎಕ್ಸೆಲ್ ಹಾಳೆ ಸಾಕು: ರಾಜ್ಯ, ಲೈಸೆನ್ಸ್ ನಂಬರ್, ಮುಗಿಯುವ ದಿನ, ಬೇಕಾದ ಗಂಟೆ, ಆದ ಗಂಟೆ. ಕೋರ್ಸ್ ಮುಗಿದ ಸಂಜೆಯೇ ಸರ್ಟಿಫಿಕೇಟನ್ನು ಒಂದೇ ಫೋಲ್ಡರ್‌ಗೆ ಹಾಕಿ, ಕಚೇರಿಯವರು ಆಡಿಟ್ ಮಾಡಿದಾಗ ಅದೇ ತೋರಿಸಬೇಕು. ಮನೆ ಬದಲಿಸಿದರೆ ಎಲ್ಲ ರಾಜ್ಯಗಳಲ್ಲೂ ವಿಳಾಸ ಬದಲಿಸಿ, ನವೀಕರಣದ ನೋಟಿಸ್ ಹಳೇ ಮನೆಗೆ ಹೋದರೆ ಅದು ನಿಮ್ಮದೇ ತಪ್ಪಾಗುತ್ತದೆ. ಇನ್ನು ಬೇಡವಾದ ರಾಜ್ಯದ ಲೈಸೆನ್ಸನ್ನು ಸುಮ್ನೆ ಮುಗಿಯಲು ಬಿಡುವ ಬದಲು, ನಿಷ್ಕ್ರಿಯ ಮಾಡುವ ಫಾರಂ ಇದೆಯೇ ನೋಡಿ, ಇದ್ದರೆ ಅದನ್ನೇ ತುಂಬಿ ಕಳಿಸಿ.